ಮೆತ್ತೆ ಮೇಸ್ತ್ರಿಯ ಪಿತ್ತಕೋಶ

ನಮ್ಮ ಬೀದಿಯ ಮೆತ್ತೆ ಮೇಸ್ತ್ರಿಗೆ ಹೊಟ್ಟೆನೋವಂತೆ ಎಂಬ ಸುದ್ದಿ ಮೊದಲ ಸಲ ಹಬ್ಬಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಷ್ಟು ವರ್ಷ ಬಾಯಿತುಂಬ ಕಬ್ಬಿಣದ ಮೊಳೆ ಇಟ್ಟುಕೊಂಡು ಬದುಕಿದ ಮನುಷ್ಯನಿಗೆ ಹೊಟ್ಟೆ ನೋಯದೆ ಮೂಗು ನೋಯುತ್ತದೆಯೇ?

ಸೋಫಾ, ಕುರ್ಚಿಗಳ ಹಳೆಯ ಬಟ್ಟೆ ಕಿತ್ತು ಹೊಸದು ಹೊದಿಸುವುದು ಅವನ ಕಸುಬು. ಒಂದು ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗೆಂದು ಮೂರನೆಯ ಕೈ ಎಲ್ಲಿಂದ ತರುವುದು? ಅದಕ್ಕೇ ಒಂದು ಹಿಡಿ ಮೊಳೆಯನ್ನು ಬಾಯಿಗೆ ಸುರಿದುಕೊಳ್ಳುತ್ತಿದ್ದ. ನಾಲಿಗೆಯಲ್ಲೇ ಒಂದನ್ನು ತಿರುಗಿಸಿ ತುಟಿಗೆ ತಂದು, ಅಯಸ್ಕಾಂತದ ತುದಿಯ ಸುತ್ತಿಗೆಗೆ ಅಂಟಿಸಿ, ಟಕ್ಕೆಂದು ಹೊಡೆಯುತ್ತಿದ್ದ. ಅಷ್ಟಾದರೂ ಮಾತು ನಿಲ್ಲುತ್ತಿರಲಿಲ್ಲ. ಅವನು ಆಕಳಿಸಿದರೆ ಎದುರಿನವರು ಮೇಜಿನ ಕೆಳಗೆ ಬಗ್ಗುತ್ತಿದ್ದರು. ಒಮ್ಮೆ ಸೀನಿದ್ದಕ್ಕೆ ಬೀದಿಯ ಸೈಕಲ್ಲುಗಳೆಲ್ಲ ಒಟ್ಟಿಗೆ ಪಂಕ್ಚರ್ ಆದವು. ಇಡೀ ಬೀದಿಯಲ್ಲಿ ದಿಕ್ಸೂಚಿಯ ಮುಳ್ಳು ಉತ್ತರವನ್ನು ಬಿಟ್ಟು ಅವನ ಹೊಟ್ಟೆಯನ್ನು ತೋರಿಸುತ್ತಿತ್ತು ಎಂದು ನಾನು ಹೇಳಿದರೆ ಮಕ್ಕಳು ನಂಬುತ್ತಾರೆ, ದೊಡ್ಡವರು ಒಮ್ಮೆ ಯೋಚಿಸುತ್ತಾರೆ.

ಊಟದಲ್ಲಿ ಅಂಥವನು ಇನ್ನೊಬ್ಬನಿರಲಿಲ್ಲ. ಬೀದಿಯ ಕೊನೆಯ ಹೋಟೆಲಿನವರು 'ಹೊಟ್ಟೆ ತುಂಬ ಊಟ' ಎಂಬ ಬೋರ್ಡನ್ನು ಅವನು ಬರುವ ಹೊತ್ತಿಗೆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ನೆಲದ ತುಂಬ ನಾರು, ಹತ್ತಿ, ಸುರುಳಿ ಬಿಟ್ಟ ಸ್ಪ್ರಿಂಗು, ಗೋಣಿಬಟ್ಟೆಯ ಪಟ್ಟಿ. ಕೆಲಸ ಮಾಡುವವರು ಮೂವರು. ಮೇಸ್ತ್ರಿ ಒಳಗನ್ನು ಕಟ್ಟುತ್ತಿದ್ದ, ಅವನ ತಮ್ಮ ಬಟ್ಟೆ ಕತ್ತರಿಸುತ್ತಿದ್ದ, ಕೊನೆಗೆ ಮೇಸ್ತ್ರಿಯ ಹೆಂಡತಿ ಬಾಗಿದ ಸೂಜಿ ಹಿಡಿದು ಬಾಯಿ ಮುಚ್ಚುತ್ತಿದ್ದಳು. ಸೋಫಾದ ಬಾಯಿ. ಅವಳು ಹಾಕಿದ ಹೊಲಿಗೆಯನ್ನು ಭೂತಗನ್ನಡಿ ಹಿಡಿದು ಹುಡುಕಿದವರು ಕನ್ನಡಕ ಬದಲಾಯಿಸಿಕೊಂಡರೇ ಹೊರತು ಹೊಲಿಗೆ ಸಿಗಲಿಲ್ಲ. ಕೆಲಸವಿಲ್ಲದ ನಾನು ಅಲ್ಲಿ ಯಾರದೋ ಸೋಫಾದ ಮೇಲೆ ಕೂತು, ಅದು ರಿಪೇರಿಯಾಗಿ ಹೋಗುವವರೆಗೆ ಅದರ ಸುಖ ಅನುಭವಿಸುತ್ತಿದ್ದೆ.

ಆ ಅಂಗಡಿಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಸೋಫಾ ಬಿಚ್ಚುವ ಮೊದಲೇ ಗಿರಾಕಿಯ ಜೊತೆ ಎಲ್ಲ ಮಾತು ಮುಗಿಯಬೇಕು. ಬಿಚ್ಚಿದ ಮೇಲೆ ಹೊಸ ಪ್ರಶ್ನೆ ಕೇಳುವ ಹಾಗಿಲ್ಲ.

"ತನ್ನ ಸೋಫಾದ ಕರುಳೆಲ್ಲ ನೆಲದ ಮೇಲೆ ಬಿದ್ದಿರೋದು ನೋಡಿದ್ರೆ ಎಂಥವನಿಗೂ ಕೈಕಾಲು ತಣ್ಣಗಾಗುತ್ತೆ" ಎಂದು ಮೇಸ್ತ್ರಿ ಹೆಂಡತಿಗೂ ತಮ್ಮನಿಗೂ ಪಾಠ ಹೇಳುತ್ತಿದ್ದ. "ಆವಾಗ ಏನು ಕೇಳಿದ್ರೂ ಹೂಂ ಅಂತಾನೆ. 'ಹೇಗೂ ಬಿಚ್ಚಿದ್ದೀವಲ್ಲ, ಇದೂ ಒಂದು ತೆಗೆದುಬಿಡೋಣ' ಅಂತ ಯಾವನು ಹೇಳ್ತಾನೋ, ಅವನು ಕಳ್ಳ. ಅಂಥವನ ಹತ್ರ ನಿಲ್ಲಲೇಬೇಡಿ. ಹೇಳಿದ್ದಷ್ಟು ಮಾಡಿ ಮುಚ್ಚು ಅನ್ನಿ."

ಇದು ಎದುರಿನ ರೆಗ್ಜಿನ್ ಅಂಗಡಿಯವನನ್ನು ಕುರಿತ ಮಾತು. ಆತನ ಬಳಿ ಒಂದು ಮುರಿದ ಸ್ಪ್ರಿಂಗ್ ಹಾಕಿಸಲು ಹೋದವರು ಹೊಸ ಸೋಫಾ, ಹೊಸ ಪರದೆ, ಆಗಾಗ ಹೊಸ ಮನೆಯನ್ನೂ ಒಪ್ಪಿಕೊಂಡು ಬರುತ್ತಿದ್ದರು. ಮೇಸ್ತ್ರಿಯ ಮಾತನ್ನು ಹೆಂಡತಿಯೂ ತಮ್ಮನೂ ಮೊಳೆ ಹೊಡೆದ ಹಾಗೆ ತಲೆಯಲ್ಲಿ ಕೂರಿಸಿಕೊಂಡಿದ್ದರು. ಅಷ್ಟು ಗಟ್ಟಿಯಾಗಿ ಕೂರಿಸಿಕೊಳ್ಳಬಾರದಿತ್ತು.

ಹೊಟ್ಟೆನೋವಿಗೆ ಡಾಕ್ಟರು ಬಾಯಿಂದ ಕೊಳವೆ ಇಳಿಸಿ ನೋಡಿದರು. ಮೊಳೆ ಒಂದೂ ಇರಲಿಲ್ಲ. ಒಂದು ಹುಣ್ಣಿತ್ತು, ಜನ ಹೆಸರು ಹೇಳುವಾಗ ದನಿ ತಗ್ಗಿಸುವಂಥ ಹುಣ್ಣು. ಜಠರದ ಒಂದು ಭಾಗ ತೆಗೆಯಬೇಕು, ಒಳಗೆ ನೋಡಿದ ಮೇಲೆ ಅಗತ್ಯಬಿದ್ದರೆ ಪೂರ್ತಿ ಎಂದರು. ಮೇಸ್ತ್ರಿ ಒಪ್ಪಿದ. ಆಪರೇಷನ್ನಿನ ದಿನ ಚಕ್ರದ ಮಂಚದ ಮೇಲೆ ಒಳಗೆ ಹೋಗುವಾಗ ಹೆಂಡತಿಗೆ, "ಬಾಗಿಲ ಹತ್ರ ಇರು. ನನ್ನ ಪರವಾಗಿ ನೀನೇ" ಎಂದ. ತಮ್ಮನಿಗೆ, "ಅತ್ತಿಗೆ ಜೊತೆಗಿರೋ" ಎಂದ. ನನಗೆ, "ನೀನು ಊಟಕ್ಕೆ ಹೋಗು" ಎಂದ. ನಾನು ಹೋದೆ.

ಜಠರ ಪೂರ್ತಿ ಹೋಯಿತು. ಮೇಸ್ತ್ರಿ ಉಳಿದ.

ಆಮೇಲಿನ ಬಾಳು ಬೇರೆಯೇ. ಗಂಟಲಿಂದ ಇಳಿದದ್ದು ನೇರ ಕರುಳಿಗೆ. ನಡುವೆ ತಂಗುದಾಣವಿಲ್ಲ. ಅಂಗೈಯಗಲದ ತಟ್ಟೆಯಲ್ಲಿ ನಾಲ್ಕು ತುತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಾಲ್ಕು. ಸಿಹಿ ತಿಂದರೆ ಬೆವರಿ ತಲೆ ತಿರುಗುತ್ತಿತ್ತು. ಹೆಂಡತಿ ಅಂಗಡಿಯ ಕಪಾಟಿನಲ್ಲಿ ದಾರದ ಉಂಡೆಗಳ ಪಕ್ಕ ಪುಟ್ಟ ಪುಟ್ಟ ಡಬ್ಬಿ ಜೋಡಿಸಿ, ಹೊಲಿಯುತ್ತಲೇ ಗಡಿಯಾರ ನೋಡಿ, "ರೀ, ಡಬ್ಬಿ" ಎನ್ನುತ್ತಿದ್ದಳು. ಮೇಸ್ತ್ರಿ ಇಳಿಯುತ್ತ ಇಳಿಯುತ್ತ ಎಷ್ಟು ತೆಳ್ಳಗಾದನೆಂದರೆ, ಅಂಗಿಯನ್ನು ಒಣಗಲು ಹಾಕುವ ಮೊದಲು ಅದರೊಳಗೆ ಅವನಿದ್ದಾನೋ ಎಂದು ಒಮ್ಮೆ ಕೊಡವಿ ನೋಡಬೇಕಿತ್ತು. ಆದರೂ ನಗು ಹೋಗಲಿಲ್ಲ.

"ಹೊಟ್ಟೇನೇ ಇಲ್ದವನಿಗೆ ಹೊಟ್ಟೆಕಿಚ್ಚೂ ಇಲ್ಲ ಕಣಯ್ಯ" ಎನ್ನುತ್ತಿದ್ದ. "ರೆಗ್ಜಿನ್‌ನವನ ಅಂಗಡಿ ನೋಡಿದ್ರೂ ಈಗ ಏನೂ ಅನ್ಸಲ್ಲ."

ಇನ್ನೊಂದು ಮಾತನ್ನು ಮಾತ್ರ ನಗದೆ ಹೇಳುತ್ತಿದ್ದ: "ಅಲ್ಲಿ ಒಳಗೆ ನಾನು ಹೆಣದ ಹಾಗೆ ಬಿದ್ದಿದ್ದೆ. ಭಯ ಆಗ್ಲಿಲ್ಲ. ಯಾಕೆ ಗೊತ್ತಾ? ಹೊರಗೆ ಇವಳಿದ್ಲು."

ಮೊದಲ ವರ್ಷ ತಪ್ಪದೆ ತಪಾಸಣೆಗೆ ಹೋದ. ಎಲ್ಲ ಚೆನ್ನಾಗಿದೆ ಎಂದು ಮತ್ತೆ ಮತ್ತೆ ಕೇಳಿ ಬೇಸರ ಬಂದು, ಬರಬರುತ್ತ ಹೋಗುವುದನ್ನು ಬಿಟ್ಟ. ಆಮೇಲೊಂದು ದಿನ ನಾಲ್ಕು ತುತ್ತು ಇಳಿದ ಸ್ವಲ್ಪ ಹೊತ್ತಿಗೆ ಬಲಪಕ್ಕೆಯ ಕೆಳಗೆ ಯಾರೋ ಕೈಹಾಕಿ ಹಿಂಡಿದ ಹಾಗಾಯಿತು. ನೋವು ಬೆನ್ನಿಗೆ ಹೋಯಿತು, ಭುಜದವರೆಗೆ ಏರಿತು, ಹೊರಟುಹೋಯಿತು. ಮತ್ತೆ ಬಂತು.

ಮೇಸ್ತ್ರಿ ಲೆಕ್ಕ ಹಾಕಿದ: ಹಳೆಯ ಹುಣ್ಣು ವಾಪಸ್ಸು ಬಂದಿದೆ. ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದ. ನೋವು ಬಂದಾಗ ದೊಡ್ಡ ಸೋಫಾದ ಹಿಂದೆ ಹೋಗಿ ಮೊಣಕಾಲೂರಿ ಕೂರುತ್ತಿದ್ದ. ಏನು ಎಂದರೆ, "ಮೊಳೆ ಬಿತ್ತು, ಹುಡುಕ್ತಿದ್ದೀನಿ." ಅವನು ಹುಡುಕುತ್ತಿದ್ದ ಹೊತ್ತನ್ನು ನೋಡಿದರೆ ಆ ನೆಲದಲ್ಲಿ ಒಂದು ಸೇತುವೆ ಕಟ್ಟುವಷ್ಟು ಕಬ್ಬಿಣ ಬಿದ್ದಿರಬೇಕಿತ್ತು. ನಾವು ಮೂವರೂ ನಂಬಿದೆವು.

ಅಷ್ಟರಲ್ಲಿ ಸದ್ದಿಲ್ಲದೆ ಸಾಯಲು ಸಿದ್ಧತೆ ನಡೆಸಿದ. ಸ್ಪ್ರಿಂಗ್ ಕಟ್ಟುವ ತನ್ನ ಗಂಟನ್ನು ಇದ್ದಕ್ಕಿದ್ದಂತೆ ತಮ್ಮನಿಗೆ ಕಲಿಸತೊಡಗಿದ. ಎಷ್ಟೋ ವರ್ಷ ಬೇಡಿದರೂ ತೋರಿಸದ ಗಂಟದು. ದೊಡ್ಡ ಕೆಲಸ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದ. ಮಗುವಿಗೆ ಸ್ನಾನ ಮಾಡಿಸುವಷ್ಟು ದೊಡ್ಡದಾದ, ಹೊಟ್ಟೆಯಿದ್ದ ಕಾಲದ ತನ್ನ ಊಟದ ತಟ್ಟೆಯನ್ನು ತಂದು ನನಗೆ ಕೊಟ್ಟ. ಹೆಂಡತಿಯ ಮೇಲೆ ರೇಗುವುದನ್ನು ಬಿಟ್ಟ. ಇಷ್ಟೆಲ್ಲ ಒಳ್ಳೆಯವನಾದರೂ ನಮಗೆ ಸಂಶಯ ಬರಲಿಲ್ಲ.

ಕೊನೆಗೆ ಕಂಡುಹಿಡಿದದ್ದು ಹೆಂಡತಿಯೇ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅವನು ಬಿಳಿ ಅಸ್ತರಿನ ಬಟ್ಟೆಯನ್ನು ಎತ್ತಿ ಹಿಡಿದಿದ್ದ, ಅವಳು ಅಳತೆ ನೋಡುತ್ತಿದ್ದಳು. ಬಟ್ಟೆಯ ಬಿಳುಪಿನ ಮೇಲೆ ಅವನ ಕಣ್ಣು ಕಂಡಿತು.

"ರೀ, ಸ್ವಲ್ಪ ಬೆಳಕಿಗೆ ಬನ್ನಿ."

"ಯಾಕೆ, ನೋಡಿಲ್ವಾ ಇಷ್ಟು ವರ್ಷ ನನ್ನ ಮುಖಾನ?"

"ಬನ್ನಿ ಅಂದೆ."

ಕಣ್ಣಿನ ಬಿಳಿ ಭಾಗವೆಲ್ಲ ಹಳದಿ. ಅವಳ ಕೈಯಿಂದ ಅಳತೆಪಟ್ಟಿ ಜಾರಿತು. ತಮ್ಮನ ಕಡೆ ತಿರುಗಿ, ಬಾಯಿ ತಪ್ಪಿ ಹೇಳಿಬಿಟ್ಟಳು: "ಅದೇ ಕಣೋ! ಆವತ್ತು ಡಾಕ್ಟ್ರು ಹೇಳಿದ್ರಲ್ಲ, ಅದೇ!"

ತಮ್ಮ ಕತ್ತರಿಯನ್ನು ಅಲ್ಲೇ ಬಿಟ್ಟು ಟ್ಯಾಕ್ಸಿಗೆ ಓಡಿದ. ಹಿಂದಿನ ಸೀಟಿನಲ್ಲಿ ಮೇಸ್ತ್ರಿಗೆ ಒರಗಲು ಒಂದು ದಪ್ಪ ದಿಂಬು ಬೇಕಿತ್ತು. ಬೀದಿಯಲ್ಲಿ ಅಷ್ಟು ದಪ್ಪಗಿರುವುದು ನಾನೊಬ್ಬನೇ ಆದ್ದರಿಂದ ನನ್ನನ್ನೂ ತುರುಕಿದರು.

ದಾರಿಯಲ್ಲಿ ಮೇಸ್ತ್ರಿ ಕೇಳಿದ: "ಯಾವತ್ತು, ಏನು ಹೇಳಿದ್ರು ಡಾಕ್ಟ್ರು?"

ಹೆಂಡತಿ ಕಿಟಕಿಯ ಹೊರಗೆ ನೋಡಿದಳು. ತಮ್ಮ ಡ್ರೈವರಿಗೆ, "ಎಡಕ್ಕೆ ತಗೊಳ್ಳಿ" ಎಂದ. ಎಡಕ್ಕೆ ರಸ್ತೆಯೇ ಇರಲಿಲ್ಲ.

ಸರ್ಜನ್ ಹಿಂದಿನವರೇ, ಚುರುಕು ಮನುಷ್ಯ. ಸ್ಕ್ಯಾನ್ ಆಯಿತು, ರಕ್ತಪರೀಕ್ಷೆ ಆಯಿತು. ನಮ್ಮೆಲ್ಲರನ್ನೂ ಒಳಗೆ ಕರೆದು, "ಹಳೇ ಕಾಯಿಲೆ ಬಂದಿಲ್ಲ" ಎಂದೇ ಶುರುಮಾಡಿದರು. "ಪಿತ್ತಕೋಶದಲ್ಲಿ ಕಲ್ಲಾಗಿದೆ. ಅದರಲ್ಲಿ ಒಂದು ಜಾರಿ ನಾಳದಲ್ಲಿ ಸಿಕ್ಕಿಹಾಕ್ಕೊಂಡಿದೆ. ಹಳದಿ ಅದಕ್ಕೇ."

ಮೇಸ್ತ್ರಿ ಬಾಯಿ ತೆರೆದುಕೊಂಡು ಕೂತ. "ಕಲ್ಲಾ? ಬರೀ ಕಲ್ಲಾ?"

"ಬರೀ ಕಲ್ಲು. ಜಠರ ಪೂರ್ತಿ ತೆಗೆಯುವಾಗ ಪಿತ್ತಕೋಶಕ್ಕೆ 'ಹಿಂಡು' ಅಂತ ಹೇಳೋ ನರವೂ ಹೋಗುತ್ತೆ. ಊಟ ಹೋಗೋ ದಾರೀನೂ ಬದಲಾಗಿದೆ, ಊಟ ಬಂತು ಅನ್ನೋ ಸುದ್ದಿ ಅದಕ್ಕೆ ಸರಿಯಾಗಿ ಮುಟ್ಟಲ್ಲ. ಜೊತೆಗೆ ನೀವು ಬೇಗ ತೂಕ ಇಳಿದ್ರಿ. ಪಿತ್ತ ಒಳಗೇ ನಿಂತು, ಗಟ್ಟಿಯಾಗಿ, ಕಲ್ಲಾಗುತ್ತೆ. ಕೆಲವರಿಗೆ ಹೀಗಾಗುತ್ತೆ."

ಮೇಸ್ತ್ರಿ ನಕ್ಕ. ಆಸ್ಪತ್ರೆಯ ಕಿಟಕಿಗಳು ಚೌಕಟ್ಟಿನಲ್ಲಿ ಅಲುಗಾಡುವ ಹಾಗೆ ನಕ್ಕ. ಪಕ್ಕದ ಕೋಣೆಯಲ್ಲಿ ಪ್ರಜ್ಞೆಯಿಲ್ಲದವನೊಬ್ಬ ಎದ್ದು ಕೂತು ಏನಾಯಿತೆಂದು ಕೇಳಿದ ಎಂದರೆ ನೀವು ನಂಬಬೇಕಾಗಿಲ್ಲ. ಸತ್ತೇ ಹೋದೆನೆಂದು ಅಂದುಕೊಂಡಿದ್ದವನು ಅದು ಬರೀ ಕಲ್ಲು ಎಂದು ಗೊತ್ತಾದರೆ ಇನ್ನೇನು ಮಾಡುತ್ತಾನೆ?

"ನೋವು ಎಷ್ಟು ದಿನದಿಂದ ಇದೆ?" ಸರ್ಜನ್ ಕೇಳಿದರು.

"ಹೋದ ಚಳಿಗಾಲದಿಂದ."

"ಅಷ್ಟು ದಿನ ಯಾಕೆ ಬರಲಿಲ್ಲ? ಪಕ್ಕೆ ನೋವು ಬಂದ್ರೆ, ಕಣ್ಣು ಹಳದಿಯಾದ್ರೆ ತಕ್ಷಣ ಬನ್ನಿ ಅಂತ ಆವತ್ತೇ ಹೇಳಿದ್ದೆನಲ್ಲ."

"ನನಗಾ?"

"ನಿಮ್ಮ ಮನೆಯವರಿಗೆ. ನೀವು ಮಂಪರಲ್ಲಿದ್ರಿ." ಸರ್ಜನ್ ಏನೂ ಮುಚ್ಚುಮರೆಯಿಲ್ಲದೆ ಹೇಳುತ್ತ ಹೋದರು. "ಜಠರ ಪೂರ್ತಿ ತೆಗೆಯಬೇಕು ಅಂತ ಗೊತ್ತಾದಾಗ ನಾನೇ ಹೊರಗೆ ಬಂದೆ. ಮುಂದೆ ಕಲ್ಲಾಗಬಹುದು, ಹೇಗೂ ತೆರೆದಿದ್ದೀವಲ್ಲ, ಪಿತ್ತಕೋಶಾನೂ ತೆಗೆದುಬಿಡಲಾ ಅಂತ ಕೇಳಿದೆ. ಬೇಡ ಅಂದ್ರು. ಅದೇನು ತಪ್ಪಲ್ಲ. ಎಲ್ಲರಿಗೂ ಕಲ್ಲಾಗಲ್ಲ, ಆದವರಲ್ಲೂ ಬಹಳ ಜನಕ್ಕೆ ತೊಂದರೇನೇ ಇರಲ್ಲ. ನಾನೂ ಒತ್ತಾಯ ಮಾಡಲಿಲ್ಲ."

ನಾನು ತಮ್ಮನ ಮುಖ ನೋಡಿದೆ. ಅವನು ತನ್ನ ಚಪ್ಪಲಿ ನೋಡುತ್ತಿದ್ದ. ಹೇಗೂ ತೆರೆದಿದ್ದೀವಲ್ಲ! ಸರ್ಜನ್ ಪಾಪ, ಭೂಮಿಯ ಮೇಲೆ ಇರುವ ಅಷ್ಟೂ ಮಾತುಗಳಲ್ಲಿ ಆ ಇಬ್ಬರ ಮುಂದೆ ಆಡಬಾರದ ಒಂದೇ ಒಂದು ಮಾತನ್ನು ಹುಡುಕಿ ಆಡಿದ್ದರು. ಇಬ್ಬರೂ ಆ ಬಾಗಿಲ ಬಳಿ ನಿಂತು, ಎದುರಿಗೆ ಹಸಿರು ಟೋಪಿ ಹಾಕಿಕೊಂಡ ರೆಗ್ಜಿನ್ ಅಂಗಡಿಯವನನ್ನೇ ಕಂಡಿದ್ದರು.

"ಬೇರೆಯವರಾಗಿದ್ರೆ ಬಾಯಿಂದ ಕೊಳವೆ ಇಳಿಸಿ ನಾಳದ ಕಲ್ಲು ಸುಲಭವಾಗಿ ತೆಗೀಬಹುದಿತ್ತು" ಎಂದು ಸರ್ಜನ್ ಮುಗಿಸಿದರು. "ನಿಮ್ಮ ಒಳಗಿನ ದಾರಿ ನಾವೇ ತಿರುಗಿಸಿದ್ದೀವಿ, ಆ ಕೊಳವೆ ಅಲ್ಲಿಗೆ ಹೋಗಲ್ಲ. ಮತ್ತೆ ತೆರೀಬೇಕು. ಹಳೇ ಗಾಯದಿಂದ ಒಳಗೆಲ್ಲ ಅಂಟಿಕೊಂಡಿರುತ್ತೆ, ಸುಲಭ ಇಲ್ಲ. ಆದ್ರೆ ಕಾಯೋ ಹಾಗೂ ಇಲ್ಲ. ನಾಳೆ ಬೆಳಿಗ್ಗೆ ಮಾಡೋಣ."

ಹೊರಗಿನ ಬೆಂಚಿನ ಮೇಲೆ ಮೇಸ್ತ್ರಿ ಕೂತ. ಕೂರುವ ಮೊದಲು ಅಭ್ಯಾಸಬಲದಿಂದ ಮೆತ್ತೆಯನ್ನು ಒತ್ತಿ ನೋಡಿದ. ಹೆಂಡತಿ ಅವನ ಮುಂದೆ ನಿಂತಳು.

"ನೀವೇ ಹೇಳ್ಕೊಟ್ಟಿದ್ದಲ್ವಾ?" ಎಂದಳು. "ಬಿಚ್ಚಿದ ಮೇಲೆ ಹೊಸದಾಗಿ ಕೇಳೋರನ್ನ ನಂಬಬೇಡ ಅಂತ?"

"ಸೋಫಾಗೆ ಹೇಳಿದ್ದು ಕಣೇ ಅದು!"

"ನನಗೆ ಆವಾಗ ಅದೊಂದೇ ನೆನಪಾಗಿದ್ದು. ಇದ್ದಬದ್ದದ್ದೆಲ್ಲ ತೆಗೆದುಹಾಕ್ತಾರೆ, ಏನಾದ್ರೂ ಒಂದು ಉಳೀಲಿ ಅನ್ನಿಸ್ತು."

"ನಾನೂ ಬೇಡ ಅಂದೆ ಅಣ್ಣಾ" ಎಂದ ತಮ್ಮ. "ಅತ್ತಿಗೆ ಒಬ್ರದ್ದೇ ಅಲ್ಲ. ಅವರ ಬಾಯಲ್ಲಿ ಆ ಮಾತು ಕೇಳಿದ್ದೇ ತಡ, ನಾನೇ ಅತ್ತಿಗೆ ಕೈ ಚಿವುಟಿದೆ."

"ಬೇಡ ಅಂದದ್ದಕ್ಕೆ ನಾನೇನಾದ್ರೂ ಅಂದ್ನೇನೋ? ನಾನು ಅಲ್ಲಿದ್ರೂ ಬೇಡ ಅಂತಿದ್ನೋ ಏನೋ." ಮೇಸ್ತ್ರಿಯ ದನಿ ಏರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಪಕ್ಕೆ ನೋವು ಬಂದ್ರೆ ಬಾ ಅಂದಿದ್ರಂತಲ್ಲ, ಅದನ್ನ ಯಾಕೆ ಹೇಳಲಿಲ್ಲ?"

ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೊದ್ಲು ನೀವು ಸುಸ್ತಾಗಿದ್ರಿ. ಆಮೇಲೆ ಚೆನ್ನಾಗಿ ಆಗ್ತಾ ಬಂದ್ರಿ, ನಗ್ತಾ ಇದ್ರಿ. ಅದನ್ನ ಹೇಳಿದ್ರೆ ನಾನು ಬೇಡ ಅಂದದ್ದನ್ನೂ ಹೇಳಬೇಕಾಗಿತ್ತು. ಹೊರಗೆ ಇವಳಿದ್ಲು ಅಂತ ಎಲ್ಲರ ಮುಂದೆ ಹೇಳ್ಕೊಂಡು ತಿರುಗ್ತಿದ್ರಲ್ಲ... ಹೇಗೆ ಹೇಳ್ಲಿ?"

"ಚಳಿಗಾಲದಿಂದ ಸೋಫಾ ಹಿಂದೆ ಕೂತು ಸಾಯ್ತಿದ್ದೆ ಕಣೇ ನಾನು. ಒಬ್ಬನೇ. ಒಂದು ಮಾತು ಹೇಳಿದ್ರೆ, ಇದು ಕಲ್ಲಿರಬಹುದು ಅಂತ ಒಂದು ಮಾತು, ನಾನು ಸಾಯೋದು ತಪ್ತಿತ್ತು."

"ನೀವಾದ್ರೂ ನೋವು ಅಂತ ಹೇಳಿದ್ರಾ? ಮೊಳೆ ಹುಡುಕ್ತೀನಿ ಅಂದ್ರಿ. ನೀವು ಮುಚ್ಚಿಡಬಹುದು, ನಾನು ಮುಚ್ಚಿಡಬಾರದಾ?"

ಮಾತಿನಲ್ಲಿ ನ್ಯಾಯವಿತ್ತು. ನಾನು ತಲೆಯಾಡಿಸಿಯೂಬಿಟ್ಟೆ, ಆಮೇಲೆ ಕತ್ತು ತುರಿಸಿದ ಹಾಗೆ ಮಾಡಿದೆ.

"ನಾನು ಮುಚ್ಚಿಟ್ಟದ್ದು ನನ್ನದು" ಎಂದ ಮೇಸ್ತ್ರಿ. "ನೀನು ಮುಚ್ಚಿಟ್ಟದ್ದೂ ನನ್ನದೇ."

ತಮ್ಮ ಮೊಣಕಾಲೂರಿ ಅಣ್ಣನ ಪಾದ ಹಿಡಿದುಕೊಂಡ. "ತಪ್ಪಾಯ್ತು ಅಣ್ಣಾ. ಹೊಟ್ಟೆಗೆ ಹಾಕ್ಕೋ."

"ಯಾವ ಹೊಟ್ಟೆಗೋ?" ಎಂದ ಮೇಸ್ತ್ರಿ.

ಬೇರೆ ದಿನವಾಗಿದ್ದರೆ ನಾವು ನಾಲ್ವರೂ ಬಿದ್ದು ಬಿದ್ದು ನಗುತ್ತಿದ್ದೆವು. ಆವತ್ತು ಯಾರೂ ನಗಲಿಲ್ಲ, ಹೇಳಿದವನೂ ನಗಲಿಲ್ಲ. ನನ್ನ ಇಡೀ ಆಯಸ್ಸಿನಲ್ಲಿ ಅಷ್ಟು ಒಳ್ಳೆಯ ಮಾತು ಅಷ್ಟು ವ್ಯರ್ಥವಾಗಿ ಹೋದದ್ದನ್ನು ನೋಡಿಲ್ಲ.

ಮರುದಿನ ಬೆಳಿಗ್ಗೆ ಚಕ್ರದ ಮಂಚ ಅದೇ ಬಾಗಿಲ ಮುಂದೆ ನಿಂತಿತು. ಸರ್ಜನ್ ಬಂದು ಭುಜ ತಟ್ಟಿದರು. ಹೆಂಡತಿ ಮಂಚದ ಒಂದು ಪಕ್ಕ, ನಾನು ಇನ್ನೊಂದು ಪಕ್ಕ, ತಮ್ಮ ಕಾಲ ಬಳಿ.

"ಡಾಕ್ಟ್ರೇ, ಒಂದು ಮಾತು" ಎಂದ ಮೇಸ್ತ್ರಿ. "ಒಳಗೆ ಏನಾದ್ರೂ ಕೇಳೋದು ಬಂದ್ರೆ ನನ್ನನ್ನೇ ಎಬ್ಬಿಸಿ ಕೇಳ್ತೀರಾ?"

ಸರ್ಜನ್ ನಕ್ಕರು. "ಮಧ್ಯದಲ್ಲಿ ಎಬ್ಬಿಸಿದ್ರೆ ನೀವೇ ನನ್ನ ಕತ್ತು ಹಿಡೀತೀರಿ. ಆಗಲ್ಲ."

"ಹಾಗಾದ್ರೆ ಹೊರಗೆ ಬಂದು ಯಾರನ್ನೂ ಕೇಳಬೇಡಿ. ನಿಮಗೆ ಸರಿ ಅನ್ಸಿದ್ದು ಮಾಡಿ."

"ಮನೆಯವರು..."

"ಯಾರನ್ನೂ" ಎಂದ ಮೇಸ್ತ್ರಿ.

ಹೆಂಡತಿಯ ಕೈ ಮಂಚದ ಕಂಬಿಯ ಮೇಲಿತ್ತು. ಮಂಚ ಉರುಳಿದಾಗ ಆ ಕೈ ಸ್ವಲ್ಪ ದೂರ ಅದರ ಜೊತೆಗೇ ಹೋಗಿ, ಬಾಗಿಲು ಬಂದಾಗ ಬಿಟ್ಟಿತು. ಈ ಸಲ ನಾನು ಊಟಕ್ಕೆ ಹೋಗಲಿಲ್ಲ. ಅವಳು ಬಾಗಿಲ ಹತ್ತಿರ ನಿಲ್ಲಲೂ ಇಲ್ಲ, ದೂರದ ಬೆಂಚಿಗೆ ಹೋಗಿ ಕೂತಳು. ಯಾವ ನರ್ಸು ಹೊರಗೆ ಬಂದರೂ ತಲೆ ತಗ್ಗಿಸುತ್ತಿದ್ದಳು, ತನ್ನನ್ನು ಎಲ್ಲಿ ಏನಾದರೂ ಕೇಳಿಬಿಡುತ್ತಾರೋ ಎಂಬಂತೆ. ತಮ್ಮ ಹೋಗಿ ನಮ್ಮಿಬ್ಬರಿಗೂ ಚಹಾ ತಂದ. ಅವಳದ್ದು ಕೆನೆಗಟ್ಟಿತು.

ಹೊತ್ತು ಹಿಡಿಯಿತು. ಸರ್ಜನ್ ಹೇಳಿದಂತೆ ಒಳಗೆಲ್ಲ ಅಂಟಿಕೊಂಡಿತ್ತಂತೆ, ಒಂದೊಂದೇ ಬಿಡಿಸಿಕೊಂಡು ಹೋಗಬೇಕಾಯಿತಂತೆ. ಪಿತ್ತಕೋಶ ಹೋಯಿತು. ನಾಳದ ಕಲ್ಲು ಬಂತು. ಆ ನಾಳಕ್ಕೆ ಒಂದು ಸಣ್ಣ ರಬ್ಬರ್ ಕೊಳವೆ ಇಟ್ಟು, ಅದರ ತುದಿಯನ್ನು ಹೊರಕ್ಕೆ ಬಿಟ್ಟಿದ್ದರು. ಇದನ್ನೆಲ್ಲ ಸರ್ಜನ್ ಬಂದು ಅವಳಿಗೆ ಹೇಳಿದರು. ಅವಳು ಎದ್ದು ನಿಂತು, ಶಾಲೆಯ ಹುಡುಗಿಯ ಹಾಗೆ ತುಟಿಯಲ್ಲೇ ಪ್ರತಿ ಮಾತನ್ನೂ ಮತ್ತೆ ಹೇಳಿಕೊಳ್ಳುತ್ತ ಕೇಳಿಸಿಕೊಂಡಳು.

ಎರಡು ದಿನದ ಮೇಲೆ ಮೇಸ್ತ್ರಿಗೆ ಚೆನ್ನಾಗಿ ಎಚ್ಚರವಿತ್ತು. ಕಣ್ಣಿನ ಹಳದಿ ತಿಳಿಯಾಗತೊಡಗಿತ್ತು. ಕಲ್ಲುಗಳನ್ನು ಒಂದು ಶೀಶೆಯಲ್ಲಿ ಹಾಕಿ ಕೊಟ್ಟಿದ್ದರು. ಅಷ್ಟು ಕಲ್ಲಿನಲ್ಲಿ ಒಂದು ಕಾಂಪೌಂಡ್ ಗೋಡೆ ಎಬ್ಬಿಸಬಹುದು ಎಂದೆ. ಅವನ ತುಟಿ ಸ್ವಲ್ಪ ಅಲುಗಿತು.

ಹೆಂಡತಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಅವನು ಕೇಳುವ ಮೊದಲೇ ಶುರುಮಾಡಿದಳು.

"ಡಾಕ್ಟ್ರು ಹೇಳಿದ್ದು ಹೇಳ್ತೀನಿ ಕೇಳಿ. ಕೋಶ ಪೂರ್ತಿ ತೆಗೆದಿದ್ದಾರೆ. ನಾಳದಲ್ಲಿದ್ದ ಕಲ್ಲೂ ತೆಗೆದಿದ್ದಾರೆ. ಈ ಕೊಳವೆ ಸ್ವಲ್ಪ ದಿನ ಇರುತ್ತೆ, ಎಳೀಬಾರದು. ತೆಗೆಯುವ ಮೊದ್ಲು ಒಂದು ಎಕ್ಸ್-ರೇ ಮಾಡ್ತಾರೆ. ನಾಳದಲ್ಲಿ ಮತ್ತೆ ಕಲ್ಲಾಗೋದು ಅಪರೂಪ, ಆದ್ರೆ ಆಗಲ್ಲ ಅಂತ ಹೇಳೋಕಾಗಲ್ಲವಂತೆ. ಜ್ವರ ಬಂದ್ರೆ, ನಡುಕ ಬಂದ್ರೆ, ಕಣ್ಣು ಹಳದಿಯಾದ್ರೆ ಆ ಕ್ಷಣಾನೇ ಬರಬೇಕು. ಬಿಡಿಸುವಾಗ ಕರುಳಿಗೆ ಒಂದು ಕಡೆ ಸಣ್ಣ ಗಾಯ ಆಯ್ತಂತೆ, ಅಲ್ಲೇ ಹೊಲಿದ್ರಂತೆ. ಅದನ್ನೂ ಹೇಳಿದ್ರು. ಇಷ್ಟೇ. ಇದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಒಂದೇ ಉಸಿರಿಗೆ ಹೇಳಿ ನಿಂತಳು. ಸರ್ಜನ್ ಹೇಳುವಾಗ ನಾನೂ ಪಕ್ಕದಲ್ಲಿದ್ದೆ, ನಿಜವಾಗಿಯೂ ಒಂದು ಅಕ್ಷರ ಬಿಟ್ಟಿರಲಿಲ್ಲ. ಹಾಗೆ ಹೇಳಬೇಕೆಂದು ಬಾಯಿ ತೆರೆದೆ.

ಮೇಸ್ತ್ರಿ ಅವಳ ಮುಖವನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡ. ತಲೆಯಾಡಿಸಿದ. ಆಮೇಲೆ ಅವಳ ಭುಜದ ಮೇಲಿಂದ, ಆಚೆ ಮಂಚದ ಬಳಿ ಬಾಟಲಿ ಬದಲಾಯಿಸುತ್ತಿದ್ದ ನರ್ಸಿನ ಕಡೆ ಕಣ್ಣು ಹಾಯಿಸಿದ.

"ಹೌದಾ ಸಿಸ್ಟರ್?" ಎಂದು ಕೇಳಿದ.

ಹೆಂಡತಿ ಅವನ ಹೊದಿಕೆಯ ಸುಕ್ಕನ್ನು ಸರಿಮಾಡುತ್ತಿದ್ದಳು. ಕೈ ಅಲ್ಲೇ ನಿಂತಿತು. ನರ್ಸು, "ಏನು ಹೌದಾ?" ಎಂದು ಹತ್ತಿರ ಬಂದಳು. ಹೆಂಡತಿ ಎದ್ದು, ಅವಳಿಗೆ ನಿಲ್ಲಲು ಜಾಗ ಬಿಟ್ಟುಕೊಟ್ಟಳು.